ಹೋಲಿಕೆಯ ಗುಂಪು

೨೦೪೪ರ ಜನವರಿ ಹನ್ನೊಂದು, ಸೋಮವಾರ, ಹುಬ್ಬಳ್ಳಿಯ ನೀಲವ್ವ ಬಡಿಗೇರ ಧಾರವಾಡಕ್ಕೆ ಹೋಗಿ ಹದಿನಾಲ್ಕು ಪುಟಗಳ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಪತ್ರದ ಒಂಬತ್ತನೆಯ ಕಲಮು ಹೀಗಿತ್ತು: 'ಸಹಿ ಮಾಡಿದ ದಿನದಿಂದ ಪ್ರಯೋಗದ ಇಪ್ಪತ್ತಾರು ವಾರಗಳು ಮುಗಿಯುವವರೆಗೆ ಕುಟುಂಬದ ಯಾರೂ ಸದರಿ ವ್ಯಕ್ತಿಯನ್ನು ಫೋನು, ಸಂದೇಶ, ಪತ್ರ ಅಥವಾ ಮೂರನೆಯವರ ಮೂಲಕ ಸಂಪರ್ಕಿಸತಕ್ಕದ್ದಲ್ಲ.'

"ಹಂಗಂದ್ರ ನಾ ನನ್ನ ಮಗನ ಕೂಡ ಮಾತಾಡಂಗಿಲ್ಲ?" ಎಂದು ಕೇಳಿದಳು.

"ಆರು ತಿಂಗಳು ಮಾತಾಡಂಗಿಲ್ಲ" ಎಂದಳು ಎದುರಿಗೆ ಕೂತ ಸಂಶೋಧಕಿ ಡಾ. ಅರುಂಧತಿ ಹಂಪಿಹೊಳಿ. "ಯಂತ್ರ ನಿಮ್ಮ ದನೀಲೆ ಅವನ ಕೂಡ ಮಾತಾಡೋ ಹೊತ್ತಿನ್ಯಾಗ ನೀವೂ ಮಾತಾಡಿದ್ರ ಎರಡೂ ಮಾತು ತಾಳೆ ಆಗಂಗಿಲ್ಲ. ಅವಂಗ ಸಂಶೇ ಬರ್ತೈತಿ."

"ನನಕಿಂತ ಅದು ಚಲೋ ಮಾತಾಡತೈತೇನ್ರಿ?"

"ಅದನ್ನ ನೋಡಾಕ ಈ ಪ್ರಯೋಗ."

ನೀಲವ್ವ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಹಿಂದಿನ ದಿನ, ಭಾನುವಾರ, ಎಂದಿನಂತೆ ಮಗನಿಗೆ ಫೋನು ಮಾಡಿದ್ದಳು. ಅವನು ಎರಡು ನಿಮಿಷ ಮಾತಾಡಿ ಇಟ್ಟಿದ್ದ. ಹೀಗೆ ವಾರಕ್ಕೆ ಎರಡು ನಿಮಿಷ ಮಾತಾಡುತ್ತಾ ಹತ್ತು ತಿಂಗಳು ಕಳೆದಿದ್ದವು, ಅವನು ಮನೆಗೆ ಬಂದಿರಲಿಲ್ಲ. ದೊಡ್ಡ ಓದು ಓದಿದವರು ತಮ್ಮ ಯಂತ್ರ ಕರೆದು ತರಬಹುದು ಎನ್ನುತ್ತಿದ್ದಾರೆ. ಸಹಿ ಹಾಕಿದಳು.

ಮಗನ ಹೆಸರು ಈರೇಶ, ವಯಸ್ಸು ಇಪ್ಪತ್ತೆರಡು. ಐಟಿಐ ಮುಗಿಸಿ ನೀರಾವರಿ ಪಂಪುಗಳ ರಿಪೇರಿ ಕಲಿತಿದ್ದ. ನದಿ ನೀರಿನ ಹಂಚಿಕೆಯನ್ನು ಸರ್ಕಾರ ಗಣಕಯಂತ್ರಗಳ ಮಂಡಳಿಗೆ ಒಪ್ಪಿಸಿದ ಮೇಲೆ ಪಂಪ್‌ಹೌಸುಗಳಲ್ಲಿ ಮನುಷ್ಯರ ಕೆಲಸ ಮುಕ್ಕಾಲು ಪಾಲು ಹೋಯಿತು. ನದಿಯ ಕೆಳದಂಡೆಯ ಊರುಗಳಿಗೆ ನೀರೂ ತಪ್ಪಿತು. ಆ ವರ್ಷ 'ದಡ' ಎಂಬ ಸಂಘಟನೆ ಹುಟ್ಟಿತು. ಮೊದಲು ಧರಣಿ, ಆಮೇಲೆ ಬೀಗ ಒಡೆಯುವುದು, ಆಮೇಲೆ ಸ್ಫೋಟಕ. ಮೂರು ವರ್ಷಗಳಲ್ಲಿ ಐವತ್ತೊಂದು ಜನ ಸತ್ತಿದ್ದರು. ಅವರಲ್ಲಿ ಇಪ್ಪತ್ತೆಂಟು ಮಂದಿ ಪಂಪ್‌ಹೌಸಿನ ಸಾಮಾನ್ಯ ನೌಕರರು.

ದಡದವರು ಭಾಷಣ ಮಾಡುತ್ತಿರಲಿಲ್ಲ. ಸೇರಿದ ಪ್ರತಿಯೊಬ್ಬನ ಫೋನಿಗೂ ದಿನಾ ಬೆಳಿಗ್ಗೆ ಆರು ಗಂಟೆಗೆ ಒಂದು ದನಿ ಸಂದೇಶ ಬರುತ್ತಿತ್ತು. 'ಅಣ್ಣ' ಎಂದು ಕರೆಸಿಕೊಳ್ಳುವವನೊಬ್ಬ ಹೆಸರು ಹಿಡಿದು, ಆಯಾ ಹುಡುಗನಿಗೆ ಮಾತ್ರ ತಿಳಿದ ಸಂಗತಿ ಎತ್ತಿಕೊಂಡು, ನಲವತ್ತು ಸೆಕೆಂಡು ಮಾತಾಡುತ್ತಿದ್ದ. ಆ ಅಣ್ಣ ಮನುಷ್ಯನಲ್ಲ, ಯಂತ್ರ ಎಂಬುದು ಧಾರವಾಡದ ಉಗ್ರವಾದ ಅಧ್ಯಯನ ಕೇಂದ್ರದವರಿಗೆ ಗೊತ್ತಿತ್ತು. ಹುಡುಗರಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿದ್ದರು.

ಯಂತ್ರದ ದನಿ ಒಬ್ಬನನ್ನು ಮನೆಯಿಂದ ಒಯ್ಯಬಹುದಾದರೆ, ಇನ್ನೊಂದು ದನಿ ಅವನನ್ನು ಮನೆಗೆ ತರಬಹುದೇ? ಕೇಂದ್ರದ ಪ್ರಶ್ನೆ ಇದು. ಅವರು ಕಟ್ಟಿದ ಯಂತ್ರದ ಹೆಸರು 'ಮರುದನಿ'. ತಾಯಿಯ ಮಾತನ್ನು ನಲವತ್ತು ಗಂಟೆ ಕೇಳಿಸಿಕೊಂಡರೆ ಅದು ಅವಳಂತೆಯೇ ಮಾತಾಡಬಲ್ಲದು. ದನಿ ಮಾತ್ರವಲ್ಲ, ಎಲ್ಲಿ ಉಸಿರು ಎಳೆಯುತ್ತಾಳೆ, ಯಾವಾಗ ಮಾತು ತಿರುಗಿಸುತ್ತಾಳೆ ಎಂಬುದನ್ನೂ ಕಲಿಯುತ್ತದೆ. ವಾರಕ್ಕೆ ಎರಡು ಸಲ ತಾಯಿಯ ನಂಬರಿನಿಂದಲೇ ಮಗನಿಗೆ ಕರೆ ಮಾಡುತ್ತದೆ. ಮಗ ಎಷ್ಟು ಹೊತ್ತು ಸುಮ್ಮನಿದ್ದ, ಯಾವ ಮಾತಿಗೆ ಉತ್ತರ ಉದ್ದವಾಯಿತು ಎಂಬುದನ್ನು ಅಳೆದು ಮುಂದಿನ ಕರೆಯ ಮಾತು ಕಟ್ಟುತ್ತದೆ. ತಾಯಿ ಬೇಸತ್ತು ಬೈದುಬಿಡುವ ಕಡೆ ಅದು ಬೈಯುವುದಿಲ್ಲ.

ಮನೆ ಬಿಟ್ಟು ದಡದ ಬಿಡಾರಗಳಲ್ಲಿದ್ದ, ಇನ್ನೂ ಯಾವ ಅಪರಾಧವನ್ನೂ ಮಾಡಿರದ ಎಂಬತ್ನಾಲ್ಕು ಹುಡುಗರ ಕುಟುಂಬಗಳು ಪ್ರಯೋಗಕ್ಕೆ ಸೇರಿದವು. ಚೀಟಿ ಎತ್ತಿ ನಲವತ್ತೆರಡರಂತೆ ಎರಡು ಗುಂಪು. ಒಂದು ಗುಂಪಿಗೆ ಯಂತ್ರ ಕರೆ ಮಾಡುತ್ತದೆ. ಇನ್ನೊಂದಕ್ಕೆ ಮಾಡುವುದಿಲ್ಲ, ಅದು ಹೋಲಿಕೆಯ ಗುಂಪು. ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬುದು ಕುಟುಂಬಗಳಿಗೂ ತಿಳಿಯದು, ಅರುಂಧತಿಗೂ ತಿಳಿಯದು. ಪಟ್ಟಿ ನಿರ್ದೇಶಕ ಪ್ರೊ. ಇನಾಮದಾರರ ಬೀರುವಿನಲ್ಲಿತ್ತು. ಎರಡೂ ಗುಂಪುಗಳು ಯಂತ್ರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ರೀತಿ ಇರಬೇಕು ಎಂಬುದು ಇಂಥ ಪ್ರಯೋಗಗಳ ಮೊದಲ ಪಾಠ. ಆದ್ದರಿಂದ ಎಲ್ಲ ತಾಯಂದಿರ ಮಾತೂ ನಲವತ್ತು ಗಂಟೆ ಧ್ವನಿಮುದ್ರಣವಾಯಿತು. ಎಲ್ಲರೂ ಸೋಮವಾರಕ್ಕೊಮ್ಮೆ ಮನೆಯ ಸುದ್ದಿ ಬರೆದುಕೊಟ್ಟರು, ಯಂತ್ರಕ್ಕೆ ಗೊತ್ತಿರಲಿ ಎಂದು. ಒಂಬತ್ತನೆಯ ಕಲಮೂ ಎಲ್ಲರಿಗೂ ಅನ್ವಯಿಸಿತು. ಅದನ್ನು ಬರೆದವಳು ಅರುಂಧತಿ. ಇಂಥ ಪ್ರಯೋಗಗಳ ಸರಿತಪ್ಪು ನೋಡುವ ನೀತಿ ಸಮಿತಿ ಮುದ್ರಣಗಳ ಭದ್ರತೆಯ ಬಗ್ಗೆ ಏಳು ಪ್ರಶ್ನೆ ಕೇಳಿ ಒಪ್ಪಿಗೆ ಕೊಟ್ಟಿತು.

ಚೀಟಿ ಎತ್ತುವ ವಿಷಯ ಆರನೆಯ ಪುಟದಲ್ಲಿತ್ತು. ಅರುಂಧತಿ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದಳು, ನೀಲವ್ವ ತಲೆಯಾಡಿಸಿದ್ದಳು. ಆದರೆ ನಲವತ್ತು ಗಂಟೆ ಮಾತಾಡಿಸಿಕೊಂಡವರು ತನ್ನ ಮಾತನ್ನು ಬಳಸದೆ ಇಡುತ್ತಾರೆ ಎಂದು ಯಾರಿಗೆ ತಾನೇ ಅನ್ನಿಸೀತು?

ನೀಲವ್ವ ಕೆಲಸ ಮಾಡುತ್ತಿದ್ದುದು ರೈಲಿನ ಹಾಸಿಗೆ ಬಟ್ಟೆ ಒಗೆಯುವ ಘಟಕದಲ್ಲಿ. ಬೆಳಗಿನ ಪಾಳಿ ಎರಡಕ್ಕೆ ಮುಗಿಯುತ್ತಿತ್ತು. ಒಂದು ವಾರ, ದಿನಾ ಪಾಳಿ ಮುಗಿಸಿ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ಸ್ಪಂಜು ಹೊದಿಸಿದ ಗೋಡೆಗಳ ಕೋಣೆಯಲ್ಲಿ ರಾತ್ರಿ ಒಂಬತ್ತರವರೆಗೆ ಮೈಕಿನ ಎದುರು ಕೂತಳು. ಒಂದು ದಿನ ಅರುಂಧತಿ, "ಇವತ್ತು ಸ್ವಲ್ಪ ಬೈದು ತೋರಿಸ್ರಿ" ಎಂದಳು.

"ಯಾರನ್ನ ಬೈಲಿ?"

"ಈರೇಶನ್ನ."

"ಅವ ಇಲ್ಲೆಲ್ಲಿ ಅದಾನ್ರಿ? ಬೈಯಾಕ ಎದುರಿಗೆ ಮಾರಿ ಬೇಕು ಅಕ್ಕಾರ. ಈ ಬದನೀಕಾಯಿ ಬೈದ್ರ ಏನ್ ಬಂತು?" ಎಂದು ಮೈಕಿನ ಕಡೆ ಕೈ ತೋರಿಸಿದಳು.

"ನನ್ನನ್ನ ಬೈರಿ ಹಂಗಾರ."

"ನಿಮ್ಮನ್ನ?" ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದಳು. "ಏನಲೇ, ಮನಿ ಅನ್ನೋದು ಧರ್ಮಶಾಲೀ ಮಾಡಿಯೇನು? ಬರೂದು ತಿಳಿಯಂಗಿಲ್ಲ, ಹೋಗೂದು ತಿಳಿಯಂಗಿಲ್ಲ. ಅಂಗಿ ನೋಡಿಕೊ, ಗ್ರೀಸಿನ್ಯಾಗ ಅದ್ದಿ ತಗದಂಗ ಐತಿ. ನಾ ಊರ ಮಂದಿ ಹಾಸಿಗಿ ಒಗದು ಬರ್ತೀನಿ, ನಿನ್ನ ಅಂಗಿ ಒಗಿಯಾಕ ಇನ್ನೊಬ್ಬಾಕಿ ಬರ್ತಾಳೇನು?" ಹತ್ತು ನಿಮಿಷ ನಿಲ್ಲಿಸಲಿಲ್ಲ. ಕೊನೆಗೆ ಅಳು ಬಂತು. ಅಳುವೂ ಮುದ್ರಣವಾಯಿತು.

ಜನವರಿ ಹದಿನೆಂಟರಂದು ಪ್ರಯೋಗ ಶುರುವಾಯಿತು. ಮನೆಯಲ್ಲಿ ನೀಲವ್ವ ಭಾನುವಾರಗಳನ್ನು ಕಷ್ಟಪಟ್ಟು ದಾಟಿದಳು. ಫೋನನ್ನು ಟಿವಿಯ ಹಿಂದೆ ಇಟ್ಟು, ನೀರು ಹಿಡಿಯುವ ನೆಪದಲ್ಲಿ ಹೊರಗೆ ನಿಲ್ಲುತ್ತಿದ್ದಳು. ಚೊಚ್ಚಲ ಬಾಣಂತನಕ್ಕೆಂದು ಏಪ್ರಿಲ್‌ನಲ್ಲಿ ತವರಿಗೆ ಬಂದ ಮಗಳು ಸುನಂದಾಳಿಗೆ ಇದು ಸರಿಬರಲಿಲ್ಲ.

"ಕಾಗದದಾಗ ಬರದಾರಂತ ಹೆತ್ತ ಮಗನ ಕೂಡ ಮಾತು ಬಿಡೂದೇನಬೇ? ಅವರು ಬಂದು ನಿನ್ನ ಫೋನ್ ನೋಡ್ತಾರೇನು?"

"ನೋಡಲಿ ಬಿಡಲಿ. ನಾ ನಡುವ ಬಾಯಿ ಹಾಕಿ ಕೆಡಿಸಿಗಿಡಿಸಿದ್ರ? ಅಲ್ಲಿ ವಾರಕ್ಕ ಎರಡು ಸಲ ನಾನ ಮಾತಾಡಾಕತ್ತೀನಂತ. ನಾನs ಅದು. ಎರಡು ನಿಮಿಷ ಅಲ್ಲ, ಹದಿನೈದು ನಿಮಿಷ ಮಾತಾಡ್ತಾನಂತ ಕೆಲವೊಬ್ಬರ ಮಗ."

"ಯಾರು ಹೇಳಿದ್ರು?"

"ಅಲ್ಲಿ ಬಂದಾಕಿ ಒಬ್ಬಾಕಿ. ನರಗುಂದದಾಕಿ."

ಕೇಂದ್ರದಲ್ಲಿ ಅರುಂಧತಿಯ ದಿನಗಳು ದಡದ ಸಂದೇಶ ಕೇಳುವುದರಲ್ಲಿ ಹೋಗುತ್ತಿದ್ದವು. ಎಂಬತ್ನಾಲ್ಕು ಫೋನುಗಳಿಗೆ ಬರುವ ಸಂದೇಶಗಳ ನಕಲು ನ್ಯಾಯಾಲಯದ ಅನುಮತಿಯ ಮೇಲೆ ಕೇಂದ್ರಕ್ಕೆ ಬರುತ್ತಿತ್ತು; ಫೋನು ಎಲ್ಲಿದೆ ಎಂಬುದು ಮಾತ್ರ ಪೊಲೀಸರಿಗಷ್ಟೇ ತಿಳಿದಿತ್ತು. ಹೆಸರಿನ ಬದಲು ಸಂಖ್ಯೆ. ಪ್ರತಿ ಸಂದೇಶವನ್ನೂ ಇಬ್ಬರು ಸಂಶೋಧಕರು ಪರಸ್ಪರ ಮಾತಾಡದೆ, ಬೇರೆ ಬೇರೆ ಕೋಣೆಗಳಲ್ಲಿ ಕೇಳಿ ಅದರಲ್ಲಿರುವ ವಾದಕ್ಕೆ ಒಂದು ಅಂಕೆ ಕೊಡಬೇಕು. ಒಟ್ಟು ಹನ್ನೆರಡು ವಾದಗಳು. ಒಂದು ಅನ್ಯಾಯದ ವಾದ, ಎರಡು ಶೌರ್ಯದ ವಾದ, ಹೀಗೆ. ಏಳನೆಯದು ಪರಿತ್ಯಾಗದ ವಾದ: ಮನೆಯವರು ನಿನ್ನನ್ನು ಬಿಟ್ಟಿದ್ದಾರೆ ಎಂದು ನಂಬಿಸುವುದು. ಅಂಕೆಗಳನ್ನು ಹೇಗೆ ಕೊಡಬೇಕೆಂಬ ಕೈಪಿಡಿಯನ್ನೂ ಅರುಂಧತಿಯೇ ಬರೆದಿದ್ದಳು. ಅದರಲ್ಲಿ ಒಂದು ಸಾಲು: 'ಕುಟುಂಬದ ಬಗೆಗಿನ ಹೇಳಿಕೆಗಳನ್ನು ಮನವೊಲಿಕೆಯ ತಂತ್ರವೆಂದು ದಾಖಲಿಸಬೇಕು, ನಿಜವೋ ಸುಳ್ಳೋ ಎಂದು ಪರಿಶೀಲಿಸುವ ಅಗತ್ಯವಿಲ್ಲ.'

ಮಾರ್ಚ್ ಹೊತ್ತಿಗೆ ಏಳನೆಯ ಅಂಕೆ ಹೆಚ್ಚತೊಡಗಿತು. ಎಲ್ಲರ ಫೋನಿನಲ್ಲೂ ಅಲ್ಲ, ಹೆಚ್ಚುಕಡಿಮೆ ಅರ್ಧ ಫೋನುಗಳಲ್ಲಿ. ಅದಕ್ಕೊಂದು ಹೊಸ ರೂಪವೂ ಬಂತು. ದಡದ ಬಿಡಾರಗಳಲ್ಲಿ ಹುಡುಗರು ಮನೆಗೆ ಕರೆ ಮಾಡುವಂತಿರಲಿಲ್ಲ, ಬಂದ ಕರೆ ತೆಗೆದುಕೊಳ್ಳಬಹುದಿತ್ತು. ಸಂಜೆ ಎಲ್ಲರೂ ಸಾಲಾಗಿ ಕೂತು ಯಾರಿಗೆ ಮನೆಯಿಂದ ಕರೆ ಬಂದಿದೆ ಎಂದು ಫೋನು ತೋರಿಸಬೇಕು. ಬೆಳಿಗ್ಗೆ ಅಣ್ಣ ಲೆಕ್ಕ ಹೇಳುತ್ತಿದ್ದ: 'ತಮ್ಮಾ, ಇವತ್ತಿಗೆ ಅರವತ್ತು ದಿನ. ನೀನು ಮಾಡಬೇಡ. ಅವರು ಮಾಡುತ್ತಾರೇನೋ ನೋಡು.' ಅರುಂಧತಿ ಇದಕ್ಕೆ 'ದಿನಗಣನೆಯ ತಂತ್ರ' ಎಂದು ಹೆಸರಿಟ್ಟಳು. ಮೇ ತಿಂಗಳಲ್ಲಿ ಪುಣೆಯ ಸಮ್ಮೇಳನದಲ್ಲಿ ಆ ಬಗ್ಗೆ ಪ್ರಬಂಧ ಓದಿದಳು. ಉಗ್ರವಾದಿ ಪ್ರಚಾರ ಕಾಲ್ಪನಿಕ ಪರಿತ್ಯಾಗವನ್ನು ಹೇಗೆ ಕಟ್ಟುತ್ತದೆ ಎಂಬುದು ವಿಷಯ. ಚಪ್ಪಾಳೆ ಚೆನ್ನಾಗಿ ಬಿತ್ತು. ಅರ್ಧ ಎಂಬ ಪ್ರಮಾಣ ಅವಳನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ.

ಜೂನ್ ಹದಿಮೂರು, ಸೋಮವಾರ. ಸುದ್ದಿಯ ಫಾರ್ಮನ್ನು ನೀಲವ್ವ ಕೈಯಾರೆ ತಂದಳು, ಜೊತೆಗೆ ಪೇಢೆಯ ಪೊಟ್ಟಣ.

"ಸುನಂದಾ ಹಡದ್ಲು ಅಕ್ಕಾರ. ಮಂಗಳವಾರ. ಹೆಣ್ಣು. ನಮ್ಮ ಅತ್ತಿ ಮಾರೀನ ಹೊತಗೊಂಡು ಬಂದೈತಿ, ಇನ್ನ ನಾ ಸತ್ತೆ." ನಗುತ್ತಾ ಕೂತವಳು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದಳು. "ಅವಂಗ ಹೇಳಸ್ರಿ. ಈ ವಾರದ ಫೋನಿನ್ಯಾಗ ಮೊದಲ ಇದನ್ನ ಹೇಳಸ್ರಿ. ಅವಂಗ ಅಕ್ಕನ ಮ್ಯಾಲೆ ಜೀವ. ಕೇಳಿದ್ರ ಓಡಿ ಬರ್ತಾನ."

"ಫಾರ್ಮಿನ್ಯಾಗ ಬರದೀರಲ್ರೀ, ಸಾಕು."

"ಹ್ಯಾಂಗದಾನ್ರಿ ಅವ? ನನಗೇನರ ಕೇಳಿದ್ನೇನು? ಅಂದ್ರ, ನನಗಂದ್ರ, ಆ ನನಗ?"

"ಅದನ್ನ ಹೇಳಾಕ ಬರಂಗಿಲ್ಲ ನೀಲವ್ವ. ನನಗೂ ಗೊತ್ತಿರಂಗಿಲ್ಲ."

"ಇರ್ಲಿ ಬಿಡ್ರಿ. ಕಾಗದದಾಗ ಐತಿ" ಎಂದು ನೀಲವ್ವ ಎದ್ದಳು.

ಮೂರು ದಿನ ಕಳೆದು ಗುರುವಾರ ಬೆಳಿಗ್ಗೆ ಅರುಂಧತಿ ಮೂವತ್ತೊಂದನೆಯ ಸಂಖ್ಯೆಯ ಸಂದೇಶ ಕೇಳುತ್ತಿದ್ದಳು.

'ತಮ್ಮಾ, ಇವತ್ತಿಗೆ ನೂರಾ ಐವತ್ತೆಂಟು ದಿನ. ನಿನ್ನ ಅಕ್ಕ ಹೆಣ್ಣು ಮಗು ಹೆತ್ತು ಒಂಬತ್ತು ದಿನವಾಯಿತು. ನಿನ್ನ ಭಾವ ಊರಿಗೆಲ್ಲ ಫೋಟೋ ಹಂಚಿದ್ದಾನೆ. ನಿನಗೆ ಯಾರು ಹೇಳಿದರು? ನಾನು ಹೇಳುತ್ತಿದ್ದೇನೆ. ನಾನೊಬ್ಬನೇ ಹೇಳುತ್ತಿದ್ದೇನೆ.'

ಬೆರಳು ಏಳನೆಯ ಅಂಕೆಯ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಸಂದೇಶವನ್ನು ಇನ್ನೊಮ್ಮೆ ಕೇಳಿದಳು. ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿದಳು. ನೂರಾ ಐವತ್ತೆಂಟು ದಿನಗಳ ಹಿಂದೆ ಜನವರಿ ಹತ್ತು, ಭಾನುವಾರ. ಮರುದಿನ ನೀಲವ್ವ ಇದೇ ಮೇಜಿನ ಮೇಲೆ ಸಹಿ ಹಾಕಿದ್ದಳು. ಯಂತ್ರ ವಾರಕ್ಕೆರಡು ಸಲ ಕರೆ ಮಾಡಿದ್ದರೆ ಈ ಎಣಿಕೆಯೇ ಇರುತ್ತಿರಲಿಲ್ಲ. ಮಗುವಿನ ಸುದ್ದಿ ಸೋಮವಾರವೇ ತಲುಪಿರುತ್ತಿತ್ತು. ದಡದವರು ಸುಳ್ಳು ಹೇಳುತ್ತಿರಲಿಲ್ಲ. ಮೂರು ತಿಂಗಳಿಂದ ಅವರು ನಿಜ ಹೇಳುತ್ತಿದ್ದರು. ಅವಳು ಅದಕ್ಕೆ ಅಂಕೆ ಹಾಕುತ್ತಿದ್ದಳು. ಆ ನಿಜವನ್ನು ತಯಾರಿಸಿ ಕೊಟ್ಟಿದ್ದು ಒಂಬತ್ತನೆಯ ಕಲಮು.

ಪ್ರೊ. ಗೌಸ್ ಇನಾಮದಾರ ಅರವತ್ತೊಂದು ವರ್ಷದವರು. ದಡಕ್ಕೆ ಹೋದ ಹುಡುಗರ ಬಗ್ಗೆ ದೇಶದಲ್ಲೇ ಮೊದಲು ಬರೆದವರು. ಅರುಂಧತಿಯ ಮಾತನ್ನು ಕೊನೆಯವರೆಗೂ ಕೇಳಿದರು.

"ಪಟ್ಟಿ ತೆಗೀರಿ ಸರ್" ಎಂದಳು.

"ಅದು ನಂಗ ಸಾಧ್ಯ ಇಲ್ಲ. ಇನ್ನ ಮೂವತ್ತೆರಡು ದಿನ ಉಳದಾವ."

"ತೆಗೀಲಿಲ್ಲಂದ್ರೂ ನಂಗ ಗೊತ್ತಾತು. ಮೂವತ್ತೊಂದು ಹೋಲಿಕೆ ಗುಂಪಿನ್ಯಾಗ ಐತಿ. ಏಳನೇ ಅಂಕೆ ಏರಿದ್ದು ಎಲ್ಲಾ ಹೋಲಿಕೆ ಗುಂಪs ಇರಬೇಕು."

"ಇರಬಹುದು."

"ನಲವತ್ತೆರಡು ತಾಯಂದಿರ ಬಾಯಿ ಕಟ್ಟೀವಿ ಸರ್. ಏನೂ ಕೊಡದs."

ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡ್ರಿ ಅರುಂಧತಿ. ದಡದಾಗ ಈಗ ಆರು ಸಾವಿರ ಹುಡುಗರು ಅದಾರ. ಮರುದನಿ ಕೆಲಸ ಮಾಡ್ತೈತಿ ಅಂತ ತೋರಿಸಿದ್ರ ಆರು ಸಾವಿರಕ್ಕೂ ಅದು ಸಿಗ್ತೈತಿ. ಇವತ್ತು ನಿಲ್ಲಿಸಿದ್ರ ಯಾರಿಗೂ ಸಿಗಂಗಿಲ್ಲ. ಆ ಕಲಮು ಯಾರು ಬರದದ್ದು?"

"ನಾನು."

"ಸಹಿ ಮಾಡಿದಾವ ನಾನು. ತಪ್ಪು ಇಬ್ಬರದೂ ಐತಿ. ತಪ್ಪಾತು ಅಂತ ಅರ್ಧಕ್ಕ ಬಿಟ್ರ ಎರಡನೇ ತಪ್ಪು." ಕನ್ನಡಕ ಮತ್ತೆ ಹಾಕಿಕೊಂಡರು. "ಇನ್ನೊಂದು ಸುದ್ದಿ ಐತಿ. ಮೊನ್ನೆ ಮಂಗಳವಾರ ದಡದವರು ಎಲ್ಲಾ ಬಿಡಾರಕ್ಕೂ ತಿಳಿಸ್ಯಾರ. ತಾಯಂದಿರ ದನೀಲೆ ಯಂತ್ರ ಮಾತಾಡಾಕತ್ತಾವು, ನಂಬಬ್ಯಾಡ್ರಿ ಅಂತ. ಮೂರು ಮನಿ ಕರೆ ಸಿಕ್ಕಿಬಿದ್ದಾವ. ಈಗ ನಿಮ್ಮ ನೀಲವ್ವ ಫೋನ್ ಮಾಡಿದ್ರ ಏನಾಗ್ತೈತಿ, ವಿಚಾರ ಮಾಡ್ರಿ."

ಅರುಂಧತಿ ಒಂದು ರಾತ್ರಿ ವಿಚಾರ ಮಾಡಿದಳು. ಮರುದಿನ ಮಧ್ಯಾಹ್ನ ಹುಬ್ಬಳ್ಳಿಯ ಬಸ್ಸು ಹತ್ತಿದಳು.

ನೀಲವ್ವನದು ರೈಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಳಗೆ ಬಾಣಂತಿಗೆ ಹಾಕಿದ ಲೋಬಾನದ ಹೊಗೆ ತುಂಬಿತ್ತು. ಅರುಂಧತಿ ನಿಂತುಕೊಂಡೇ ವಿಷಯ ಹೇಳಿದಳು. ಸುತ್ತು ಬಳಸಲಿಲ್ಲ. ಯಂತ್ರ ಈರೇಶನಿಗೆ ಒಂದು ಸಲವೂ ಕರೆ ಮಾಡಿಲ್ಲ ಎಂದಳು. ಯಾರೂ ಮಾಡಿಲ್ಲ.

ನೀಲವ್ವ ಲೋಬಾನದ ತಟ್ಟೆಯನ್ನು ಮೂಲೆಗೆ ಸರಿಸಿದಳು. ಆಮೇಲೆ, "ನಾ ಮಾತಾಡಿದ್ದು ನಲವತ್ತು ತಾಸು?" ಎಂದಳು.

"ಹಂಗs ಐತ್ರಿ. ಕಂಪ್ಯೂಟರಿನ್ಯಾಗ."

"ಹಂಗs ಐತಿ" ಎಂದಳು ಸುನಂದಾ, ಮಗುವನ್ನು ಹೆಗಲಿಗೆ ಹಾಕಿಕೊಂಡು. "ಡಬ್ಬ್ಯಾಗ ಹಾಕಿ ಇಟ್ಟಾರ ನಿನ್ನ. ನಾ ಹೇಳಿದ್ನಿಲ್ಲ? ಅವರಿಗೇನ್ರಿ, ಅವರ ಮಗ ಮನ್ಯಾಗ ಅದಾನ. ಯಾಕ ಬಂದೀರಿ ಈಗ? ಕೂಸಿನ ದನಿ ಬೇಕಾಗಿತ್ತೇನು?"

"ಸುನಂದಾ, ಸುಮ್ನಿರು. ಫೋನ್ ಕೊಡು."

"ನೀಲವ್ವ, ಇನ್ನೊಂದು ಮಾತು" ಎಂದು ಅರುಂಧತಿ ದಡದವರ ಎಚ್ಚರಿಕೆಯ ವಿಷಯ ಹೇಳತೊಡಗಿದಳು. ನೀಲವ್ವ ಅಷ್ಟರಲ್ಲಿ ನಂಬರು ಒತ್ತಿ ಸ್ಪೀಕರ್ ಹಾಕಿ ಆಗಿತ್ತು. ಐದನೆಯ ರಿಂಗಿಗೆ ಅವನು ತೆಗೆದ. ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಈರ್ಯಾ, ನಾನೋ."

"ಯಾರು?"

"ನಿಮ್ಮವ್ವ."

ಹಿಂದಿನಿಂದ ಯಾರೋ, "ಲೇ, ಇವನ ಮಷೀನವ್ವನೂ ಬಂದ್ಲು ನೋಡ್ರಪಾ! ಭಾಳ ತಡಾ ಆತಲ್ಲಬೇ, ಬಸ್ ಸಿಗಲಿಲ್ಲೇನು?" ಎಂದು ಕೂಗಿದ. ನಾಲ್ಕೈದು ಜನ ನಕ್ಕರು.

"ಮಷೀನ್ ಅಲ್ಲೋ, ನಾನs. ಸುನಂದಾ ಹಡದಾಳ. ಹೆಣ್ಣು ಕೂಸು."

"ಗೊತ್ತೈತಿ. ಅಣ್ಣ ಹೇಳ್ಯಾನ."

ಸುನಂದಾ ಫೋನಿಗೆ ಬಾಗಿದಳು. "ಲೇ ಈರ್ಯಾ, ಬುದ್ಧಿ ಐತೋ ಇಲ್ಲೋ ನಿನಗ? ಅವ್ವನ ದನಿ ತಿಳಿಯಂಗಿಲ್ಲ? ಕೂಸು ಅಳಾಕತ್ತೈತಿ, ಕೇಳು."

"ಕೂಸಿನ ದನೀನೂ ಮಾಡ್ತಾವು ಈಗ."

"ಯಾವುದರ ಒಂದು ಕೇಳೋ" ಎಂದಳು ನೀಲವ್ವ. "ನಾ ಅಲ್ಲದs ಯಾರಿಗೂ ತಿಳೀಲಾರದ್ದು ಕೇಳು. ಹೇಳ್ತೀನಿ."

"ಏನ್ ಕೇಳ್ಲಿ? ಎಲ್ಲಾ ನಮ್ಮವ್ವನ ಬಾಯಿಲೆ ಮೊದಲs ಕೇಳಿ ತುಂಬಿರ್ತೀರಿ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ನಮ್ಮವ್ವ ಆಗಿದ್ರ ಜನವರಿಯೊಳಗ ಫೋನ್ ಮಾಡ್ತಿದ್ಲು. ಕಾಲು ಮುರದು ಬಿದ್ದಿದ್ರೂ ಮಾಡ್ತಿದ್ಲು."

ಅರುಂಧತಿ ಬೇಡ ಎಂದು ಕೈಯಾಡಿಸಿದಳು. ನೀಲವ್ವ ನೋಡಲಿಲ್ಲ. ಸುಳ್ಳು ಹೇಳುವುದು ಅವಳಿಗೆ ಹೊಳೆಯಲೇ ಇಲ್ಲ. "ಕಾಗದಕ್ಕ ಸಹಿ ಹಾಕಿದ್ನೆಪಾ. ಧಾರವಾಡದವರು ಮಾತಾಡಬ್ಯಾಡ ಅಂದಿದ್ರು. ನಿನ್ನ ಮನೀಗೆ ತರ್ತೀವಿ ಅಂದಿದ್ರು."

"ಯಾವ ಧಾರವಾಡದವರು? ಸರ್ಕಾರದವರಾ?"

"ಓದಿದವರು."

ಗದ್ದಲ ನಿಂತಿತು. ಅಲ್ಲಿದ್ದವರೆಲ್ಲ ಕೇಳುತ್ತಿದ್ದರು ಎಂಬುದು ತಿಳಿಯುತ್ತಿತ್ತು.

"ನೀ ಯಂತ್ರ ಆಗಿದ್ರ ಸರ್ಕಾರದಾಕಿ" ಎಂದ ಈರೇಶ. "ಖರೇನ ನಮ್ಮವ್ವ ಆಗಿದ್ರ ನನ್ನ ಸರ್ಕಾರಕ್ಕ ಬರದು ಕೊಟ್ಟಾಕಿ. ಯಾವಾಕಿ ಆದ್ರೇನು."

ಕರೆ ಕಡಿಯಿತು. ಮತ್ತೆ ಮಾಡಿದಾಗ ಫೋನು ಬಂದ್ ಆಗಿತ್ತು. ನೀಲವ್ವ ಸಂಜೆಯವರೆಗೆ ಹದಿನೇಳು ಸಲ ಮಾಡಿದಳು. ಅರುಂಧತಿ ಪೊಲೀಸರಿಗೆ ಲಿಖಿತವಾಗಿ ತಿಳಿಸಿದಳು. ಆ ಫೋನು ಕೊನೆಗೆ ಇದ್ದ ಜಾಗವನ್ನು ಅವರು ಮೂರು ದಿನದ ಮೇಲೆ ಹುಡುಕಿದರು. ಬಿಡಾರ ಖಾಲಿಯಾಗಿತ್ತು.

ಜೂನ್ ಇಪ್ಪತ್ತೈದು, ಶನಿವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ಮುದೇನಕೊಪ್ಪದ ಪಂಪ್‌ಹೌಸಿನಲ್ಲಿ ಸ್ಫೋಟವಾಯಿತು. ಪಾಳಿ ಬದಲಾಯಿಸುತ್ತಿದ್ದ ಇಬ್ಬರು ಆಪರೇಟರುಗಳು ಸತ್ತರು. ಸ್ಫೋಟಕ ಇಟ್ಟವನು ಹೊರಗೆ ಬರಲಿಲ್ಲ. ಬರಲು ಸಮಯವಿತ್ತು ಎಂದು ತನಿಖೆಯವರು ಆಮೇಲೆ ಬರೆದರು. ಗುರುತು ಪತ್ತೆಗೆ ನೀಲವ್ವನನ್ನು ಪಾಳಿಯಿಂದಲೇ ಕರೆದೊಯ್ದರು.

ಪ್ರಯೋಗ ಜುಲೈ ಹದಿನೆಂಟಕ್ಕೆ ಮುಗಿಯಿತು. ಇನಾಮದಾರರು ಬೀರು ತೆಗೆದರು. ಯಂತ್ರ ಕರೆ ಮಾಡಿದ ಗುಂಪಿನಲ್ಲಿ ಸತ್ತವರು ಅಥವಾ ದಾಳಿಯಲ್ಲಿ ಸಿಕ್ಕವರು ಇಬ್ಬರು. ಹೋಲಿಕೆಯ ಗುಂಪಿನಲ್ಲಿ ಈರೇಶನೂ ಸೇರಿ ಒಂಬತ್ತು. ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕೂ ಮುಕ್ಕಾಲಿನ ಆಸುಪಾಸು. ಐದಕ್ಕಿಂತ ಕಡಿಮೆಯಿದ್ದರೆ ಫಲಿತಾಂಶ ನಂಬಬಹುದು ಎಂಬುದು ಈ ಶಾಸ್ತ್ರದ ರೂಢಿ. ಒಂಬತ್ತರ ಬದಲು ಎಂಟಾಗಿದ್ದರೆ ಅದು ಎಂಟೂ ಮುಕ್ಕಾಲಾಗುತ್ತಿತ್ತು. ಮರುದನಿ ವಿಫಲವಾಯಿತು ಎಂದು ಬರೆಯಬೇಕಾಗುತ್ತಿತ್ತು. ಅರುಂಧತಿ ಈ ಲೆಕ್ಕವನ್ನು ಮೂರು ಸಲ ಮಾಡಿದಳು.

ಹನ್ನೊಂದು ಪುಟದ ಪತ್ರ ಬರೆದು ನೀತಿ ಸಮಿತಿಗೆ ಕಳಿಸಿದಳು. ಆ ಒಂಬತ್ತು ಮಂದಿ ಯಂತ್ರವಿಲ್ಲದ್ದರಿಂದ ಹೋದವರಲ್ಲ, ತಾವು ಹೇರಿದ ಮೌನದಿಂದ ಹೋದವರು ಎಂದು ವಾದಿಸಿದಳು. ತಾನು ನಿಯಮ ಮುರಿದು ನೀಲವ್ವನಿಗೆ ವಿಷಯ ತಿಳಿಸಿದ್ದನ್ನೂ ದಿನಾಂಕ ಸಮೇತ ಬರೆದಳು. ಸಮಿತಿ ಪತ್ರ ತಲುಪಿದೆ ಎಂದು ತಿಳಿಸಿತು. ವಿಷಯವನ್ನು ವರದಿಯ ಅಡಿಟಿಪ್ಪಣಿಯಲ್ಲಿ ಸೇರಿಸಲು ಸೂಚಿಸಿತು. ಅದೇ ಸಭೆಯಲ್ಲಿ, ಫಲಿತಾಂಶ ಅನುಕೂಲಕರವಾಗಿರುವುದರಿಂದ ಹೋಲಿಕೆಯ ಗುಂಪಿನ ಕುಟುಂಬಗಳಿಗೂ ಕೂಡಲೇ ಯಂತ್ರದ ಸೌಲಭ್ಯ ಒದಗಿಸಬೇಕೆಂದು ತೀರ್ಮಾನವಾಯಿತು. ನಲವತ್ತೆರಡು ವಿಳಾಸಗಳಿಗೆ ಪತ್ರಗಳು ತಾವಾಗಿಯೇ ಮುದ್ರಣವಾಗಿ ಹೋದವು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ನೀಲವ್ವ ಆ ಪತ್ರ ಹಿಡಿದು ಬಂದಳು. ಅರುಂಧತಿ ಎದ್ದು ನಿಂತಳು.

"ನಿಮ್ಮ ದನಿ ತಯಾರಾಗೈತಿ, ಮಗನ ನಂಬರ್ ಕೊಡ್ರಿ ಅಂತ ಬರದಾರ. ಸುನಂದಾ ಓದಿ ಹೇಳಿದ್ಲು."

"ತಪ್ಪಾಗೈತಿ ನೀಲವ್ವ. ಹೆಸರು ತಗೀಬೇಕಾಗಿತ್ತು. ಇದೂ ನಮ್ಮದs ತಪ್ಪು."

"ಅದಕ್ಕಲ್ಲ ಬಂದದ್ದು." ನೀಲವ್ವ ಕುರ್ಚಿಯ ಅಂಚಿಗೆ ಕೂತಳು. ತೆಳ್ಳಗಾಗಿದ್ದಳು. "ನನಗ ಅದನ್ನ ಕೇಳಸ್ರಿ. ಮೊದಲನೇ ಸಲ ಫೋನ್ ಮಾಡಿದ್ರ ಅದು ಅವಂಗ ಏನಂತಿತ್ತು, ನಾ ಕೇಳಬೇಕು."

ಮೊದಲ ಕರೆಯ ಮಾತನ್ನು ಯಂತ್ರ ಚೀಟಿ ಎತ್ತುವ ಮೊದಲೇ ಎಂಬತ್ನಾಲ್ಕು ಕುಟುಂಬಗಳಿಗೂ ಕಟ್ಟಿಟ್ಟಿತ್ತು. ಅರುಂಧತಿ ಬೇಡ ಎನ್ನಬಹುದಿತ್ತು. ಮೂವತ್ತೊಂದನೆಯ ಕಡತ ತೆರೆದು ಸ್ಪೀಕರನ್ನು ಅವಳ ಕಡೆ ತಿರುಗಿಸಿದಳು.

ಒಂದು ಉಸಿರು ಕೇಳಿಸಿತು. ಆಮೇಲೆ ನೀಲವ್ವನ ದನಿ.

'ಈರ್ಯಾ, ನಾನೋ. ಉಂಡಿಯೇನು?'

ಉತ್ತರಕ್ಕೆಂದು ಬಿಟ್ಟ ನಾಲ್ಕು ಸೆಕೆಂಡು ಕಳೆಯಿತು.

'ಏನ್ ಮಾಡಿದ್ರು ಇವತ್ತು?'

ಮತ್ತೆ ನಾಲ್ಕು ಸೆಕೆಂಡು.

'ಇಲ್ಲಿ ಥಂಡಿ ಭಾಳ ಐತಪಾ. ಹೊತಗೊಳ್ಳಾಕ ಐತಿಲ್ಲೋ ನಿನಗ? ... ಆತು. ಇಡ್ತೀನಿ ಹಂಗಾರ.'

ನೀಲವ್ವ ಸ್ಪೀಕರನ್ನೇ ನೋಡುತ್ತಾ ಕೂತಿದ್ದಳು.

"ಮುಂದ?"

"ಅಷ್ಟs ಐತ್ರಿ" ಎಂದಳು ಅರುಂಧತಿ. "ಮೊದಲನೇ ಸಲ ಇದಕಿಂತ ಹೆಚ್ಚು ಏನೂ ಕೇಳಬಾರದು ಅಂತ ಅದು ಲೆಕ್ಕಾ ಹಾಕಿತ್ತು."

ನೀಲವ್ವ ನಿಧಾನವಾಗಿ ತಲೆಯೆತ್ತಿದಳು.

"ಇಷ್ಟು ನಾನs ಕೇಳ್ತಿದ್ನೆಲ್ರೀ ಅಕ್ಕಾರ" ಎಂದಳು.